ಸ್ಪಷ್ಟನೆ: ಆಕ್ಸಿಜನ್ ಮೀಟರ್ 100 ತೋರಿಸಲೇಬೇಕು ಎಂಬ ಮೆಸೇಜ್ ತಪ್ಪು

ಹುಬ್ಬಳ್ಳಿ-ಧಾರವಾಡದ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗೆ ದಮ್ಮು ಹೆಚ್ಚಾದರೆ ಮನೆಯಲ್ಲೇ ಆಕ್ಸಿಜನ್ ನಿಮಿಷಕ್ಕೆ 10 ಲೀಟರ್‌ಗೆ ತಿರುಗಿಸಿ, ಬೆರಳಿನ ಮೀಟರ್ 100 ತೋರಿಸಲಿ, ಸಣ್ಣ ಸಿಲಿಂಡರ್ ಇಡೀ ದಿನ ಬರುತ್ತದೆ. ಇದೆಲ್ಲ ತಪ್ಪು.

ಸಿಒಪಿಡಿ ಇದ್ದವರಿಗೆ ರಕ್ತದ ಆಕ್ಸಿಜನ್ ಮಟ್ಟ ಸಾಮಾನ್ಯವಾಗಿ ಶೇ 88ರಿಂದ 92 ಇದ್ದರೆ ಸಾಕು. ಬ್ರಿಟನ್ನಿನ ಶ್ವಾಸಕೋಶ ತಜ್ಞರ ಸಂಘವಾದ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಆಕ್ಸಿಜನ್ ವಿಪರೀತವಾದರೆ, ಗಾಳಿ ಸರಿಯಾಗಿ ಆಡದ ಶ್ವಾಸಕೋಶದ ಭಾಗಗಳಿಗೂ ರಕ್ತ ನುಗ್ಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲೇ ಏರುತ್ತದೆ. ಬೆರಳಿನ ಮೀಟರ್ ಅದನ್ನು ಅಳೆಯುವುದೇ ಇಲ್ಲ. ಅತ್ತ 99 ತೋರಿಸುತ್ತಿರುತ್ತದೆ, ಇತ್ತ ರೋಗಿ ಮಂಪರಿಗೆ ಜಾರುತ್ತಿರುತ್ತಾರೆ. "ಆರಾಮ ನಿದ್ದಿ ಹತ್ತೇತಿ, ಎಬ್ಬಿಸಬ್ಯಾಡ್ರಿ" ಎಂದು ಮನೆಯವರು ಸುಮ್ಮನಾಗುವ ಹೊತ್ತೇ ಅಪಾಯದ್ದು. ತಲೆನೋವು, ಗೊಂದಲ, ಚಾಚಿದ ಅಂಗೈ ಪಟಪಟ ಬಡಿಯುವುದು ಕಂಡರೆ 108ಕ್ಕೆ ಕರೆ ಮಾಡಿ. ಹಾಗಂತ ಆಕ್ಸಿಜನ್ ಒಮ್ಮೆಲೇ ಬಂದ್ ಮಾಡಬೇಡಿ, ಮಟ್ಟ ದಿಢೀರ್ ಕುಸಿಯುತ್ತದೆ. ವೈದ್ಯರು ಬರೆದ ಲೀಟರ್‌ಗೆ ಇಳಿಸಿ.

ಇನ್ನು ಸಿಲಿಂಡರ್. ಬಿ-ಟೈಪ್ ಎಂಬ ಸಣ್ಣ ಸಿಲಿಂಡರ್‌ನದು 10 ಲೀಟರ್ ಪಾತ್ರೆ. 150 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 1,500 ಲೀಟರ್ ಗ್ಯಾಸ್. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡೂವರೆ ತಾಸು, 10 ಬಿಟ್ಟರೆ ಬರೀ ಎರಡೂವರೆ. ಒತ್ತಡ ತೋರಿಸುವ ಗೇಜ್ 75 ಬಾರ್‌ಗೆ ಇಳಿದಿದ್ದರೆ ಅದರಲ್ಲೂ ಅರ್ಧ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ರೋಗಿಯನ್ನು ಹುಬ್ಬಳ್ಳಿಗೆ ತರುವವರು ಹೊರಡುವ ಮುನ್ನ ಈ ಲೆಕ್ಕ ಹಾಕಲೇಬೇಕು.

ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.