ಪಿತ್ತನಾಳದ ಸ್ಟೆಂಟ್ ಹಾಕಿಸಿಕೊಂಡವರು ಕೇಳಲೇಬೇಕಾದ ಪ್ರಶ್ನೆ

ಸ್ಟೆಂಟ್ ಅಂದರೆ ನಮಗೆಲ್ಲ ನೆನಪಾಗುವುದು ಹಾರ್ಟ್. ರಕ್ತನಾಳ ಮುಚ್ಚದಂತೆ ಅಲ್ಲಿ ಹಾಕಿದ ಆ ಸಣ್ಣ ಕೊಳವೆಯನ್ನು ಯಾರೂ ತೆಗೆಯುವುದಿಲ್ಲ, ಜೀವನಪೂರ್ತಿ ಒಳಗೇ ಇರುತ್ತದೆ. ಪಿತ್ತನಾಳದ, ಅಂದರೆ ಲಿವರ್‌ನಿಂದ ಪಿತ್ತವನ್ನು ಸಣ್ಣ ಕರುಳಿಗೆ ಒಯ್ಯುವ ನಾಳದ, ಪ್ಲಾಸ್ಟಿಕ್ ಸ್ಟೆಂಟ್ ಹಾಗಲ್ಲ. ಸಾಮಾನ್ಯವಾಗಿ 3 ತಿಂಗಳೊಳಗೆ ಅದನ್ನು ತೆಗೆಯಬೇಕು, ಇಲ್ಲವೇ ಬದಲಾಯಿಸಬೇಕು. ಈ ಒಂದು ಮಾತನ್ನು ಅರ್ಥವಾಗುವ ಹಾಗೆ ಹೇಳದೆ ರೋಗಿಯನ್ನು ಮನೆಗೆ ಕಳಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅದಕ್ಕೇ ನೀವೇ ಕೇಳಿ: ಈ ಸ್ಟೆಂಟನ್ನು ಯಾವಾಗ ತೆಗೆಯಬೇಕು?

ನಮ್ಮ ದೊಡ್ಡಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಕೆಲವು ತಿಂಗಳ ಮೇಲೆ ಕಣ್ಣು ಹಳದಿಯಾಯಿತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ, ಮೈಯೆಲ್ಲ ತುರಿಕೆ. ಕಾಮಾಲೆ ಅಂತ ಊರಲ್ಲಿ ನೆಲನೆಲ್ಲಿ ರಸ ಕುಡಿಸಿದರು. ವೈರಸ್‌ನಿಂದ ಬರುವ ಕಾಮಾಲೆ ಎಷ್ಟೋ ಸಲ ತಾನಾಗೇ ಇಳಿಯುತ್ತದೆ, ಹೆಸರು ಬರುವುದು ಸೊಪ್ಪಿಗೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆ ರಸಕ್ಕೆ ಬಗ್ಗುವುದಿಲ್ಲ. ಆಪರೇಷನ್ ಆದ ಜಾಗದಲ್ಲಿ ನಾಳ ಕಿರಿದಾಗಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಸ್ಟೆಂಟ್ ಹಾಕಿದರು, ಹಳದಿ ಇಳಿಯಿತು, ಊಟ ಸೇರತೊಡಗಿತು.

ಸ್ಟೆಂಟ್ ತೆಗೆಸಬೇಕು ಅನ್ನುವ ಸಾಲು ಎಲ್ಲಿತ್ತು ಗೊತ್ತಾ? ಡಿಸ್ಚಾರ್ಜ್ ಸಮ್ಮರಿಯ ಕೊನೇ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಇಂಗ್ಲಿಷಿನಲ್ಲಿ. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬಾಯಲ್ಲಿ ಯಾರೂ ಹೇಳಲಿಲ್ಲ, ಆಮೇಲೆ ಫೋನೂ ಬರಲಿಲ್ಲ. ವರ್ಷ ದಾಟಿದ ಮೇಲೆ ಚಳಿ, ನಡುಕ, ವಿಪರೀತ ಜ್ವರ, ಮತ್ತೆ ಹಳದಿ. ಸ್ಟೆಂಟ್ ಪೂರ್ತಿ ಕಟ್ಟಿಕೊಂಡು ನಾಳಕ್ಕೆ ಸೋಂಕು ಹತ್ತಿತ್ತು. ಐಸಿಯುಗೆ ಹೋಗಿ ಬದುಕಿ ಬಂದರು.

ಚಿಕಿತ್ಸೆ ಮಾತ್ರ ಅದ್ಭುತವಾದದ್ದು, ಅದನ್ನು ಬೈಯುತ್ತಿಲ್ಲ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಪಿತ್ತನಾಳ ಸಣ್ಣ ಕರುಳಿಗೆ ಸೇರುವ ಬಾಯಿ ಹುಡುಕಿ, ತೆಳು ತಂತಿಯನ್ನು ಕಿರಿದಾದ ಜಾಗ ದಾಟಿಸಿ, ಅದರ ಮೇಲೆ ಸ್ಟೆಂಟನ್ನು ತಳ್ಳುತ್ತಾರೆ. ಇದೇ ಇಆರ್‌ಸಿಪಿ. ಹೊಟ್ಟೆ ಕುಯ್ಯಬೇಕಾಗಿಲ್ಲ. 1979ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಿಬ್ ಸೊಹೆಂದ್ರ ಅನ್ನುವ ಡಾಕ್ಟರು ಹೀಗೆ ಸ್ಟೆಂಟ್ ಹಾಕಿ ತೋರಿಸಿದರು. ಅದಕ್ಕೆ ಮುಂಚೆ ದೊಡ್ಡ ಆಪರೇಷನ್, ಇಲ್ಲದಿದ್ದರೆ ಚರ್ಮ ಮತ್ತು ಲಿವರ್ ಚುಚ್ಚಿ ಹೊರಗೆ ಟ್ಯೂಬು. ಇಆರ್‌ಸಿಪಿ ಆದಮೇಲೆ ಕೆಲವರಿಗೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಂಡು ಜೋರು ಹೊಟ್ಟೆನೋವು ಬರುವುದುಂಟು, ಅದನ್ನೂ ಮೊದಲೇ ಕೇಳಿಕೊಳ್ಳಿ.

ಪ್ಲಾಸ್ಟಿಕ್ ಸ್ಟೆಂಟ್ ಯಾಕೆ ಕಟ್ಟುತ್ತದೆ? ಅದರ ಒಳಗಿನ ದಾರಿ ಬರೀ ಎರಡು ಮೂರು ಮಿಲಿಮೀಟರ್. ಕರುಳಿನ ಬ್ಯಾಕ್ಟೀರಿಯಾ ಒಳಗೆ ನುಗ್ಗದಂತೆ ನಾಳದ ಬಾಯಲ್ಲಿ ಒಂದು ಸ್ನಾಯು ಕಾವಲಿರುತ್ತದೆ. ಸ್ಟೆಂಟ್ ಆ ಬಾಯನ್ನು ಸದಾ ತೆರೆದಿಡುತ್ತದೆ. ಬ್ಯಾಕ್ಟೀರಿಯಾ ಮೇಲೇರಿ ಒಳಗೋಡೆಗೆ ಲೋಳೆಯಂತೆ ಅಂಟುತ್ತವೆ, ಅದರ ಮೇಲೆ ಪಿತ್ತದ ಗಸಿ ಕೂರುತ್ತದೆ. ತುಂಬಾ ದಿನ ಬಿಟ್ಟರೆ ಸ್ಟೆಂಟಿನ ಸುತ್ತ ಕಲ್ಲೇ ಬೆಳೆಯಬಹುದು.

ಲೋಹದ ಸ್ಟೆಂಟ್ ಅರಳಿದಾಗ ಸುಮಾರು 10 ಮಿಲಿಮೀಟರ್ ಅಗಲ, ಜಾಸ್ತಿ ದಿನ ಬಾಳುತ್ತದೆ, ಬೆಲೆಯೂ ಜಾಸ್ತಿ. ಪ್ಯಾಂಕ್ರಿಯಾಸ್ ಅಥವಾ ಪಿತ್ತನಾಳದ ಕ್ಯಾನ್ಸರ್‌ನಿಂದ ದಾರಿ ಮುಚ್ಚಿದವರಿಗೆ ಎಷ್ಟೋ ಸಲ ಅದೇ ಸರಿ. ಇರುವಷ್ಟು ದಿನ ಆಸ್ಪತ್ರೆಗೆ ಅಲೆಯುವುದಾದರೂ ತಪ್ಪಲಿ, ಅಲ್ವಾ? ದೊಡ್ಡಮ್ಮನ ತರಹದ, ಕ್ಯಾನ್ಸರ್ ಅಲ್ಲದ ಕಿರಿದಾಗುವಿಕೆಗೆ ಪ್ಲಾಸ್ಟಿಕ್ ಸ್ಟೆಂಟುಗಳನ್ನು ಪಕ್ಕಪಕ್ಕ ಹಾಕಿ, ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಾ ಸುಮಾರು ಒಂದು ವರ್ಷ ನಡೆಸುವುದು ರೂಢಿ. ಹೊದಿಕೆ ಇರುವ ಲೋಹದ ಸ್ಟೆಂಟನ್ನು ಕೆಲವು ತಿಂಗಳು ಇಟ್ಟು ತೆಗೆಯುವುದೂ ಉಂಟು. ಯಾವುದೇ ಇರಲಿ, ಮುಂದಿನ ತಾರೀಖು ಬೇಕೇ ಬೇಕು.

ಬ್ಯಾಂಕಿನವರು ಕಂತು ತಪ್ಪಿದರೆ ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ. ಆಸ್ಪತ್ರೆಗಳು ಸ್ಟೆಂಟ್ ಹಾಕಿದವರ ಪಟ್ಟಿ ಇಟ್ಟುಕೊಂಡು ಒಂದು ಫೋನ್ ಮಾಡಲಾರವೇ? ಯಾವ ಸ್ಟೆಂಟ್, ಯಾವಾಗ ತೆಗೆಯಬೇಕು ಅಂತ ಕನ್ನಡದಲ್ಲಿ ಎರಡು ಸಾಲು ಬರೆದ ಚೀಟಿ ಕೊಡಲಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಆರ್‌ಸಿಪಿ ಆಗಿದ್ದರೆ ಇವತ್ತೇ ಹಳೇ ಫೈಲ್ ತೆಗೆದು ನೋಡಿ. ಫೈಲ್ ಕಳೆದುಹೋಗಿದ್ದರೆ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿ ಕೇಳಿ. ಒಳಗೆ ಸ್ಟೆಂಟ್ ಉಳಿದಿದ್ದರೆ ಸಾಮಾನ್ಯವಾಗಿ ಹೊಟ್ಟೆಯ ಎಕ್ಸ್‌ರೇಯಲ್ಲೇ ಕಾಣುತ್ತದೆ.