ಮೋಡ ಬಿತ್ತನೆ, ಶೇ 15 ಹಿಮ: ಒಂದು ಸ್ಪಷ್ಟನೆ

‘ಮೋಡ ಬಿತ್ತನೆಯಿಂದ ಅಮೆರಿಕದ ಬೆಟ್ಟಗಳಲ್ಲಿ ಹಿಮ ಶೇ 15 ಜಾಸ್ತಿಯಾಗಿದೆ, ಆಗುಂಬೆಯಲ್ಲೂ ಮಾಡಿದರೆ ಲಿಂಗನಮಕ್ಕಿ ತುಂಬುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ತೀರ್ಥಹಳ್ಳಿ, ಹೊಸನಗರದ ಗೆಳೆಯರಿಗೆ ಕಳಿಸಿದ್ದೆ. ಅದು ತಪ್ಪು.

ಆ ಲೆಕ್ಕ ಬಂದಿದ್ದು ವಯೋಮಿಂಗ್ ರಾಜ್ಯದ ಪ್ರಯೋಗದಿಂದ. ಅಕ್ಕಪಕ್ಕದ ಎರಡು ಬೆಟ್ಟಸಾಲುಗಳನ್ನು ಆರಿಸಿ, ಪ್ರತಿ ಸಲ ಚೀಟಿ ಎತ್ತಿದ ಹಾಗೆ ಒಂದಕ್ಕೆ ಮಾತ್ರ ಬಿತ್ತನೆ ಮಾಡಿ, ಇನ್ನೊಂದರ ಜೊತೆ ಹೋಲಿಸಿದರು. 2008ರಿಂದ 2014ರವರೆಗೆ ನಡೆಯಿತು. ಅಳತೆಯಲ್ಲಿ ಕಂಡ ಹೆಚ್ಚಳ ಸುಮಾರು ಶೇ 3. ಅದೂ ಸುಮ್ನೆ ಆಕಸ್ಮಿಕ ಇರಬಹುದು ಅನ್ನುವಷ್ಟು ದುರ್ಬಲ. ಬೇರೆ ವಿಶ್ಲೇಷಣೆಗಳನ್ನೂ ಸೇರಿಸಿ ಶೇ 5ರಿಂದ 15 ಎಂದರು. ಆದರೆ ಬಿತ್ತನೆಗೆ ತಕ್ಕ ಮೋಡ ಬಂದಾಗ ಮಾತ್ರ, ಇಡೀ ಚಳಿಗಾಲದ ಹಿಮಕ್ಕಲ್ಲ. ಸಂದೇಶ ನುಂಗಿದ್ದು ಇದನ್ನೇ.

ಹಾಗಂತ ಬಿತ್ತನೆಯೇ ಬೊಗಳೆ ಅಂತಲೂ ಅಲ್ಲ. 2017ರಲ್ಲಿ ಅಮೆರಿಕದ್ದೇ ಇನ್ನೊಂದು ರಾಜ್ಯ ಐಡಾಹೊದಲ್ಲಿ ಬಿತ್ತನೆಯಿಂದಲೇ ಹಿಮ ಬಿದ್ದದ್ದನ್ನು ರಾಡಾರ್‌ನಲ್ಲಿ ನೇರವಾಗಿ ನೋಡಿದ್ದಾರೆ. ಇಡೀ ಋತುವಿಗೆ ಎಷ್ಟು ಲಾಭ ಅನ್ನುವುದೇ ಕಷ್ಟದ ಲೆಕ್ಕ. ಒಂದು ವರ್ಷಕ್ಕೂ ಇನ್ನೊಂದಕ್ಕೂ ಹಿಮ ತಾನಾಗಿಯೇ ಅಷ್ಟು ಏರುಪೇರಾಗುತ್ತದೆ. ನಮ್ಮ ಮಳೆಯೂ ಹಾಗೇ ಅಲ್ವಾ?

ಇನ್ನು ಆಗುಂಬೆ. ಅಮೆರಿಕದಲ್ಲಿ ಮೋಡಕ್ಕೆ ಬಿತ್ತುವ ರಾಸಾಯನಿಕವಾದ ಸಿಲ್ವರ್ ಅಯೋಡೈಡ್‌ಗೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿದ್ದೂ ಹೆಪ್ಪುಗಟ್ಟದ ನೀರಹನಿಗಳು ಬೇಕು. ಘಟ್ಟ ಸವರಿ ಹೋಗುವ ನಮ್ಮ ಮುಂಗಾರು ಮೋಡಗಳ ಕೆಳಭಾಗ ಬೆಚ್ಚಗಿರುತ್ತದೆ. ಅಂಥ ಮೋಡಕ್ಕೆ ಉಪ್ಪಿನ ಕಣ ಬಿತ್ತುತ್ತಾರೆ, ಆ ವಿಧಾನವೇ ಬೇರೆ. ಹಿಮದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ನನ್ನಿಂದ ಆ ಸಂದೇಶ ಬಂದಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ.