ಮೇವಿನ ಬಲ ನೋಡಿ ತಳಿ ಆರಿಸಬೇಕು

ಅಮೆರಿಕದಲ್ಲಿ ನೆಲೆಸಿರುವ ನನಗೆ, ಮಾಂಸಕ್ಕಾಗಿ ದನ ಸಾಕುವ ಇಲ್ಲಿನವರಲ್ಲೂ ಹಾಲಿಗಾಗಿ ಹಸು ಕಟ್ಟುವ ನಮ್ಮವರಲ್ಲೂ ಒಂದೇ ಅವಸರ ಕಾಣುತ್ತದೆ. ನಮ್ಮಲ್ಲಿ ಮೊದಲು ಕೇಳುವುದು ಎಷ್ಟು ಲೀಟರ್ ಎಂದು. ಇಲ್ಲಿ, ತಾಯಿಯಿಂದ ಬೇರ್ಪಡಿಸುವಾಗ ಕರು ಎಷ್ಟು ತೂಗುತ್ತದೆ ಎಂದು. ವರ್ಷವಿಡೀ ಆ ಹಸುವಿಗೆ ಎಷ್ಟು ಮೇವು ಸಿಕ್ಕೀತು ಎಂಬುದು ಎರಡೂ ಕಡೆ ಹಿಂದೆ ಬೀಳುತ್ತದೆ. ಅದನ್ನೇ ಮೊದಲು ಕೇಳಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮಾಂಸದ ತಳಿಯ ಹಸು ವರ್ಷದಲ್ಲಿ ತಿನ್ನುವ ಮೇವಿನ ಶಕ್ತಿಯಲ್ಲಿ ಸುಮಾರು ಶೇ. 70ರಷ್ಟು ಬರೀ ಅದರ ಮೈ ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ. ಹೆಚ್ಚು ಹಾಲಿನ ತಳಿಗಳಲ್ಲಿ ಯಕೃತ್ತು, ಕರುಳು ಮುಂತಾದ ಒಳಾಂಗಗಳು ದೊಡ್ಡವಾಗಿರುವುದರಿಂದ, ಕೆಚ್ಚಲು ಬತ್ತಿದ ತಿಂಗಳುಗಳಲ್ಲೂ ಈ ಖರ್ಚು ಇಳಿಯುವುದು ಕಡಿಮೆ. ಇಲ್ಲಿನ ನೆಬ್ರಾಸ್ಕಾ ರಾಜ್ಯದ ಕ್ಲೇ ಸೆಂಟರ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ 9 ತಳಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮೇವು ಕೊಟ್ಟು ನೋಡಿದ ಜೆಂಕಿನ್ಸ್ ಮತ್ತು ಫೆರೆಲ್ ಅವರ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಮೇವು ಕಡಿಮೆಯಿದ್ದಾಗ, ತಿಂದದ್ದಕ್ಕೆ ಹೋಲಿಸಿದರೆ ಹೆಚ್ಚು ತೂಕದ ಕರು ಕೊಟ್ಟದ್ದು ರೆಡ್ ಪೋಲ್‌ನಂಥ ಮಧ್ಯಮ ಗಾತ್ರದ ತಳಿ. ಮೇವು ಯಥೇಚ್ಛವಾದಾಗ ಸಿಮೆಂಟಾಲ್, ಷಾರೊಲೆಯಂಥ ದೊಡ್ಡ ತಳಿಗಳು ಮುಂದೆ ಬಂದವು. ಎಲ್ಲ ನೆಲಕ್ಕೂ ಒಪ್ಪುವ ಶ್ರೇಷ್ಠ ಹಸು ಇದೆಯೆಂಬ ಮಾತನ್ನು ನಾನು ನಂಬದಿರುವುದು ಇದಕ್ಕಾಗಿಯೇ.

ತಪ್ಪು ಆಯ್ಕೆಯ ಪರಿಣಾಮ ಕಾಣಬೇಕಾದರೆ, ಒಣ ಹುಲ್ಲುಗಾವಲಿನಲ್ಲಿ ಈದು ಎರಡು ತಿಂಗಳಾದ ದೊಡ್ಡ ಹಸುವನ್ನು ಹತ್ತಿರದಿಂದ ನೋಡಬೇಕು. ಕರು ಮೈತುಂಬಿಕೊಂಡು ಮಿರಮಿರ ಮಿಂಚುತ್ತಿರುತ್ತದೆ; ತಾಯಿಯ ಪಕ್ಕೆಲುಬುಗಳನ್ನು ಎಣಿಸಬಹುದು, ಬಾಲದ ಬುಡದ ಎರಡೂ ಬದಿ ಗುಳಿ ಬಿದ್ದಿರುತ್ತದೆ. ಅಂಥ ಹಸು ಬೆದೆಗೆ ಬರುವುದಿಲ್ಲ, ಏಕೆಂದರೆ ಶಕ್ತಿ ಸಾಲದಾದಾಗ ದೇಹ ಮೊದಲು ಮುಂದೂಡುವುದು ಮುಂದಿನ ಗಬ್ಬವನ್ನು. ಗಬ್ಬದ ಅವಧಿಯೇ ಸುಮಾರು 283 ದಿನ; ವರ್ಷಕ್ಕೊಂದು ಕರು ಬೇಕೆಂದರೆ ಉಳಿಯುವುದು 82 ದಿನ ಮಾತ್ರ. ಗಬ್ಬ ನಿಲ್ಲದ ಹಸುವಿನ ಪಕ್ಕದಲ್ಲಿ ನಿಂತ ಭಾರಿ ಕರುವನ್ನು ಲಾಭವೆಂದು ಬರೆದುಕೊಳ್ಳುವುದು ನನಗೆ ಸರಿಕಾಣದು.

ಕೊರತೆಯನ್ನು ಕೊಂಡ ಮೇವಿನಿಂದ ತುಂಬಬಹುದಲ್ಲ ಎನ್ನುವವರಿದ್ದಾರೆ. ಬರಗಾಲದಲ್ಲಿ ಅದು ಅನಿವಾರ್ಯ, ಒಪ್ಪುತ್ತೇನೆ. ಆದರೆ ಒಳ್ಳೆಯ ಮಳೆಯ ವರ್ಷದಲ್ಲೂ ಕೊಳ್ಳಬೇಕಾಗಿ ಬಂದರೆ ಆ ತಳಿ ಆ ನೆಲದ್ದಲ್ಲ. ಹುಲ್ಲಿಗೆ ತಕ್ಕ ಮಧ್ಯಮ ಗಾತ್ರದ, ಮಧ್ಯಮ ಹಾಲಿನ ಹಸುಗಳನ್ನು ಇಟ್ಟುಕೊಂಡು, ಈಗಾಗಲೇ ಈದಿರುವ ಹಸುಗಳಿಗೆ ಮಾತ್ರ ಷಾರೊಲೆಯಂಥ ಬೇಗ ಬೆಳೆಯುವ ತಳಿಯ ಹೋರಿ ಹಾಯಿಸಿ, ಆ ಕರುಗಳನ್ನೆಲ್ಲ ಮಾರಿಬಿಡುವ ಕ್ರಮವೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ಮಂದೆಗೆ ಬೇಕಾದ ಹೆಣ್ಣುಗರುಗಳು ಬೇರೆ, ಸಣ್ಣ ಮೈಕಟ್ಟಿನ ಹೋರಿಯಿಂದ ಬರಬೇಕು. ಮಾರುವ ಕರುಗಳಲ್ಲಿ ಚೆಂದ ಕಂಡವನ್ನು ಉಳಿಸಿಕೊಳ್ಳುತ್ತ ಹೋದರೆ, ಕೆಲವೇ ವರ್ಷಗಳಲ್ಲಿ ಮಂದೆಯ ಹಸಿವು ಮತ್ತೆ ಹುಲ್ಲನ್ನು ಮೀರುತ್ತದೆ.